ಎಂಟು ರೂಪಾಯಿ ಸಂಬಳದ ಮಾಸ್ತರು: ಟೌನ್‌ಹಾಲ್ ಹೆಸರಿನ ಹಿಂದಿರುವ ಕುದ್ಮುಲ್ ರಂಗರಾಯರ ಬದುಕು

ಮಂಗಳೂರಿಗೆ ಹೋಗಿ ಬರುವವರಿಗೆ ಟೌನ್‌ಹಾಲ್ ಗೊತ್ತಿಲ್ಲದೆ ಇರಲಿಕ್ಕಿಲ್ಲ. ತುಳು ನಾಟಕ ಇರಲಿ, ಯಕ್ಷಗಾನ ಇರಲಿ, ಯಾರದ್ದೋ ಸನ್ಮಾನ ಇರಲಿ, ಎಲ್ಲ ಅಲ್ಲಿಯೇ. ಆಮಂತ್ರಣ ಪತ್ರಿಕೆಯ ಕೆಳಗೆ ಕುದ್ಮುಲ್ ರಂಗರಾವ್ ಪುರಭವನ ಅಂತ ಅಚ್ಚು ಹಾಕಿರ್ತಾರೆ. ಸುದ್ದಿ ಬರೆಯುವಾಗ ನಾನೂ ಆ ಹೆಸರನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕ ಇಲ್ಲ.

ಮೊನ್ನೆ ನಮ್ಮ ಪೇಟೆಯ ಜೀನಸು ಅಂಗಡಿಯ ಅಣ್ಣ ಸಕ್ಕರೆ ಕಟ್ಟಿ ಕೊಡುತ್ತಾ ಒಂದು ಪ್ರಶ್ನೆ ಕೇಳಿದರು. ಈ ಕುದ್ಮುಲ್ ಅಂದರೆ ಯಾರು ಮಾರಾಯಾ, ಹಾಲ್ ಕಟ್ಟಿಸಲಿಕ್ಕೆ ದುಡ್ಡು ಕೊಟ್ಟ ಸಾಹುಕಾರರಾ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಪತ್ರಕರ್ತ ಅಂತ ಬೈಕಿನ ಮುಂದೆ ಸ್ಟಿಕ್ಕರ್ ಅಂಟಿಸಿಕೊಂಡವನಿಗೆ ಅದು ಸ್ವಲ್ಪ ನಾಚಿಕೆಯ ವಿಷಯವೇ. ಮನೆಗೆ ಬಂದು ಓದಲು ಕೂತೆ. ಓದಿದ ಮೇಲೆ ಗೊತ್ತಾಯಿತು, ಅವರು ಸಾಹುಕಾರರಲ್ಲ. ತಿಂಗಳಿಗೆ ಎಂಟು ರೂಪಾಯಿ ಸಂಬಳದಲ್ಲಿ ಮಂಗಳೂರಲ್ಲಿ ಬದುಕು ಶುರು ಮಾಡಿದ ಒಬ್ಬ ಮಾಸ್ತರು. ಆ ಅಣ್ಣನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಸರಗೋಡಿನಿಂದ ಮಂಗಳೂರಿಗೆ

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನಲ್ಲಿ. ಕಾಸರಗೋಡು ಈಗ ಕೇರಳದಲ್ಲಿ ಉಂಟು. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಅವರದ್ದು ಸಾರಸ್ವತ ಬ್ರಾಹ್ಮಣ ಕುಟುಂಬ. ಜಾತಿಯಲ್ಲಿ ಮೇಲು, ಆದರೆ ಕೈಯಲ್ಲಿ ಕಾಸಿಲ್ಲ.

ಹುಡುಗನಿಗೆ ಹದಿನಾರರ ಆಸುಪಾಸು ಇರುವಾಗ ತಂದೆ ತೀರಿಹೋದರು. ಮನೆಯ ಭಾರ ತಲೆಗೆ ಬಂತು, ಓದು ಅರ್ಧಕ್ಕೆ ನಿಂತಿತು. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದರು. ಈಗ ಕಾಸರಗೋಡಿನಿಂದ ಬಸ್ಸು ಹತ್ತಿದರೆ ಒಂದೆರಡು ತಾಸಿನ ದಾರಿ. ಆಗ ಹಾಗಲ್ಲ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಇವರು ಬರುವಾಗ ನಡಿಗೆ, ಗಾಡಿ, ಹೊಳೆ ಸಿಕ್ಕಿದಲ್ಲಿ ದೋಣಿ. ನೇತ್ರಾವತಿ ದಾಟದೆ ಮಂಗಳೂರು ಸೇರುವ ಹಾಗಿರಲಿಲ್ಲ.

ಇಲ್ಲಿ ಅವರಿಗೆ ಸಿಕ್ಕಿದ್ದು ಶಾಲೆಯಲ್ಲಿ ಪಾಠ ಹೇಳುವ ಕೆಲಸ. ಸಂಬಳ ತಿಂಗಳಿಗೆ ಎಂಟು ರೂಪಾಯಿ. ಆ ಕಾಲಕ್ಕೂ ಅದು ದೊಡ್ಡ ದುಡ್ಡಲ್ಲ. ಹಗಲು ಮಕ್ಕಳಿಗೆ ಪಾಠ, ಉಳಿದ ಹೊತ್ತಿನಲ್ಲಿ ತನ್ನ ಓದು. ಹೀಗೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಮೆಟ್ರಿಕ್ ಪಾಸು ಮಾಡಿದರು. ಅಲ್ಲಿಗೇ ಬಿಡಲಿಲ್ಲ, ಮುಂದೆ ಪ್ಲೀಡರ್ ಪರೀಕ್ಷೆಗೂ ಕೂತು ಪಾಸಾಗಿ ವಕೀಲರಾದರು.

ಈ ಭಾಗ ಓದುವಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ನಾನು ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟವನು. ಮನೆಯ ಪರಿಸ್ಥಿತಿ ಹಾಗಿತ್ತು ಅಂತ ಎಲ್ಲರ ಹತ್ತಿರ ಹೇಳ್ತೇನೆ. ಅದು ಸುಳ್ಳಲ್ಲ. ಆದರೆ ಪರಿಸ್ಥಿತಿ ಸರಿಯಾದ ಮೇಲೂ ನಾನು ವಾಪಸು ಹೋಗಲಿಲ್ಲ, ಅದೂ ಸುಳ್ಳಲ್ಲ. ಅದು ಇರಲಿ, ಈಗ ರಾಯರ ಕಥೆಗೆ ಬರೋಣ.

ಕೋರ್ಟಿನ ಬಾಗಿಲಲ್ಲಿ ಕಂಡದ್ದು

ವಕೀಲರಾದ ಮೇಲೆ ರಂಗರಾಯರಿಗೆ ಒಳ್ಳೆಯ ಹೆಸರು ಬಂತು. ಬಡವರ ಪರ ವಾದಿಸುವ ವಕೀಲರು ಅಂತ ಜನ ಹುಡುಕಿಕೊಂಡು ಬರುತ್ತಿದ್ದರು. ಬೇಕಾದರೆ ಹಾಗೆಯೇ ಇದ್ದುಬಿಡಬಹುದಿತ್ತು. ಮನೆ, ಮರ್ಯಾದೆ, ಕಕ್ಷಿದಾರರು ಎಲ್ಲ ಇತ್ತು. ಅಪ್ಪ ಇಲ್ಲದ ಹುಡುಗ ಇಷ್ಟು ಮೇಲೆ ಬಂದದ್ದೇ ದೊಡ್ಡ ಸಾಧನೆ.

ಆದರೆ ಕಣ್ಣೆದುರು ಇನ್ನೊಂದು ಕಾಣುತ್ತಿತ್ತು. ಆಗಿನ ದಕ್ಷಿಣ ಕನ್ನಡದಲ್ಲಿ ದಲಿತರ, ಕೊರಗರ ಬಾಳು ಹೇಗಿತ್ತು ಅಂತ ನಮ್ಮ ಹಿರಿಯರಿಗೆ ಕೇಳಿ ಗೊತ್ತುಂಟು. ಭೂಮಿ ಇಲ್ಲ. ಒಡೆಯರ ಮನೆಯ ಮೂಲದಾಳಾಗಿ ತಲೆತಲಾಂತರದಿಂದ ದುಡಿಯಬೇಕು. ಸಾರ್ವಜನಿಕ ಬಾವಿಯ ನೀರು ಮುಟ್ಟುವ ಹಾಗಿಲ್ಲ. ಮನೆಯ ಅಂಗಳಕ್ಕೆ ಬರುವ ಹಾಗಿಲ್ಲ, ದೂರ ನಿಂತೇ ಮಾತಾಡಬೇಕು. ಶಾಲೆ ಅಂತೂ ಕನಸಿನ ಮಾತು. ಸರಕಾರಿ ಶಾಲೆಗೆ ಕಾನೂನಿನಲ್ಲಿ ತಡೆ ಇಲ್ಲದಿದ್ದರೂ ಅಲ್ಲಿ ಆ ಮಕ್ಕಳನ್ನು ಕೂರಿಸಿಕೊಳ್ಳುವವರು ಯಾರು?

ರಾಯರ ಮನಸ್ಸು ತಿರುಗಿದ್ದಕ್ಕೆ ಒಂದು ಘಟನೆಯನ್ನು ಹೇಳುತ್ತಾರೆ. ಬೆಂದೂರಿನ ಬಾಬು ಎಂಬ ದಲಿತ ಯುವಕ ಹೇಗೋ ಕಷ್ಟಪಟ್ಟು ನಾಲ್ಕನೇ ಕ್ಲಾಸಿನವರೆಗೆ ಓದಿದ್ದ. ಕೋರ್ಟಿನಲ್ಲಿ ಸಣ್ಣ ನೌಕರಿಯೂ ಸಿಕ್ಕಿತು. ಆದರೆ ಅವನು ಒಳಗೆ ಓಡಾಡುವುದು, ಕಾಗದ ಪತ್ರ ಮುಟ್ಟುವುದು ಅಲ್ಲಿಯ ಮೇಲ್ಜಾತಿಯವರಿಗೆ ಸರಿ ಕಾಣಲಿಲ್ಲ. ಗಲಾಟೆ ಮಾಡಿದರು. ಅವನಿಗೆ ಆ ಕೆಲಸದಲ್ಲಿ ನಿಲ್ಲಲು ಆಗಲಿಲ್ಲ. ಇಷ್ಟು ಕಲಿತು ನನಗೆ ಎಂತ ಸಿಕ್ಕಿತು ಎಂಬ ಅವನ ಪ್ರಶ್ನೆ ರಾಯರ ತಲೆಯಲ್ಲಿ ಕೂತುಬಿಟ್ಟಿತು.

ಯೋಚನೆ ಮಾಡಿ ನೋಡಿ. ಆ ಪ್ರಶ್ನೆಗೆ ಎರಡು ಉತ್ತರ ಇತ್ತು. ಒಂದು, ಹೌದಪ್ಪ, ನಿಮಗೆ ಓದು ಯಾಕೆ ಅಂತ ಸುಮ್ಮನಾಗುವುದು. ಇನ್ನೊಂದು, ಒಬ್ಬ ಕಲಿತರೆ ಓಡಿಸುತ್ತಾರೆ, ನೂರು ಜನ ಕಲಿತರೆ ಎಷ್ಟು ಜನರನ್ನು ಓಡಿಸ್ತಾರೆ ನೋಡುವ ಅಂತ ಹೊರಡುವುದು. ರಾಯರು ಎರಡನೆಯ ದಾರಿ ಹಿಡಿದರು.

ಮೊದಲ ಶಾಲೆ, ಮೊದಲ ಏಟು

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿಯೇ ಒಂದು ಶಾಲೆ ತೆರೆದರು. ಬಾಡಿಗೆ ಕಟ್ಟಡ. ಡಾ. ಅಂಬೇಡ್ಕರ್ ಹುಟ್ಟಿದ್ದು 1891ರಲ್ಲಿ. ಅಂದರೆ ಈ ಶಾಲೆ ತೆರೆಯುವಾಗ ಅಂಬೇಡ್ಕರ್ ಇನ್ನೂ ತೊಟ್ಟಿಲ ಮಗು. ಗಾಂಧೀಜಿ ದಕ್ಷಿಣ ಆಫ್ರಿಕಕ್ಕೆ ಹೊರಟದ್ದು ಅದರ ಮರುವರ್ಷ. ಅಸ್ಪೃಶ್ಯತೆಯ ವಿರುದ್ಧ ದೇಶದಲ್ಲಿ ದೊಡ್ಡ ಚಳವಳಿ ಏಳುವುದಕ್ಕೆ ಎಷ್ಟೋ ಮೊದಲೇ ನಮ್ಮ ಮಂಗಳೂರಿನ ಒಂದು ಮೂಲೆಯಲ್ಲಿ ಈ ಕೆಲಸ ಶುರುವಾಗಿತ್ತು.

ಶುರುವಾದದ್ದು ಸುಲಭದಲ್ಲಿ ನಡೆಯಲಿಲ್ಲ. ಇಂಥ ಮಕ್ಕಳಿಗೆ ಶಾಲೆ ನಡೆಸ್ತಾರೆ ಅಂತ ಗೊತ್ತಾದ ಕೂಡಲೇ ಸುತ್ತಲಿನವರು ಎದ್ದು ನಿಂತರು. ಬಾಡಿಗೆಗೆ ಕೊಟ್ಟವರ ಮೇಲೆ ಒತ್ತಡ ಬಂತು, ಜಾಗ ಬಿಡಬೇಕಾಯಿತು. ಶಾಲೆ ಕಂಕನಾಡಿ ಕಡೆಗೆ ಹೋಯಿತು. ಅಲ್ಲಿಯೂ ನಿಲ್ಲಲು ಬಿಡಲಿಲ್ಲ. ಮತ್ತೆ ಬೇರೆ ಕಡೆ. ದಾರಿಯಲ್ಲಿ ಮಕ್ಕಳಿಗೆ ಕಲ್ಲು ಬಿತ್ತು, ಮಾಸ್ತರರ ಮೇಲೂ ಹಲ್ಲೆಯಾಯಿತು.

ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಇದರ ಕಷ್ಟ ಬೇಗ ಅರ್ಥ ಆಗ್ತದೆ. ಒಂದು ಅಂಗಡಿಯನ್ನು ಎರಡು ಸಲ ಜಾಗ ಬದಲಿಸಿದರೆ ಗಿರಾಕಿ ಅರ್ಧ ಕಡಿಮೆ ಆಗ್ತಾರೆ. ಇಲ್ಲಿ ಗಿರಾಕಿಗಳು ಅಂದರೆ ಹೊಟ್ಟೆಗಿಲ್ಲದ ಮಕ್ಕಳು, ಹೊಸ ಜಾಗಕ್ಕೆ ಹುಡುಕಿಕೊಂಡು ಬರುವವರಲ್ಲ. ಪ್ರತಿ ಸಲವೂ ರಾಯರೇ ಕೇರಿಗೆ ಹೋಗಿ ತಂದೆತಾಯಿಗೆ ಹೇಳಿ ಒಪ್ಪಿಸಿ ಕರೆತರಬೇಕು.

ಮಾಸ್ತರರು ಸಿಗುವುದೂ ಅಷ್ಟೇ ಕಷ್ಟ. ಮೇಲ್ಜಾತಿಯವರು ಈ ಶಾಲೆಯಲ್ಲಿ ಪಾಠ ಮಾಡಲು ಒಪ್ಪುತ್ತಿರಲಿಲ್ಲ. ಕೈ ಹಿಡಿದವರು ಕ್ರೈಸ್ತ ಶಿಕ್ಷಕರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ಎಲ್ಲ ಆಗಲೇ ಇದ್ದದ್ದರಿಂದ ಕಲಿತ ಕ್ರೈಸ್ತರು ಇದ್ದರು. ಜಾತಿ ನೋಡದೆ ಬೋರ್ಡಿನ ಮುಂದೆ ನಿಲ್ಲುವ ಮನಸ್ಸೂ ಅವರಿಗೆ ಇತ್ತು.

ಮಗುವಿಗೆ ದಿನಕ್ಕೆ ಎರಡು ಪೈಸೆ

ಶಾಲೆ ತೆರೆದರೂ ಮಕ್ಕಳು ಬರುವುದಿಲ್ಲ. ಯಾಕೆ? ತಂದೆತಾಯಿಗೆ ಓದು ಬೇಡ ಅಂತ ಅಲ್ಲ. ಆರೇಳು ವರ್ಷದ ಮಗುವೂ ಆ ಮನೆಗೆ ದುಡಿಯುವ ಕೈ. ಒಡೆಯರ ದನ ಮೇಯಿಸಿದರೆ, ಸೊಪ್ಪು ಸೌದೆ ತಂದರೆ ಒಂದು ಹೊತ್ತಿನ ಗಂಜಿ. ಶಾಲೆಗೆ ಹೋದರೆ ಆ ಗಂಜಿ ಇಲ್ಲ. ಅಕ್ಷರ ಹೊಟ್ಟೆ ತುಂಬಿಸುವುದಿಲ್ಲವಲ್ಲ.

ರಾಯರು ಬುದ್ಧಿ ಹೇಳುತ್ತಾ ಕೂರಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ ಕ್ರಮ ಮಾಡಿದರು. ಮಧ್ಯಾಹ್ನಕ್ಕೆ ಊಟವನ್ನೂ ಹಾಕಿದರು. ಬಿಸಿಯೂಟ ಅಂತ ಈಗ ಎಲ್ಲ ಸರಕಾರಿ ಶಾಲೆಗಳಲ್ಲಿ ಉಂಟಲ್ಲ, ಅದರ ಹಿಂದಿರುವ ಲೆಕ್ಕ ಇದೇ. ಹಸಿದ ಮಗು ಕಲಿಯುವುದಿಲ್ಲ ಅಂತ ರಾಯರಿಗೆ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಗೊತ್ತಿತ್ತು.

ಎರಡು ಪೈಸೆ ಅಂದರೆ ಎಷ್ಟು? ಆಗ ಒಂದು ರೂಪಾಯಿಗೆ 64 ಪೈಸೆ. ರಾಯರು ಮಾಸ್ತರಾಗಿ ತೆಗೆದುಕೊಳ್ಳುತ್ತಿದ್ದ ಎಂಟು ರೂಪಾಯಿ ಅಂದರೆ 512 ಪೈಸೆ. ಇಪ್ಪತ್ತು ಮಕ್ಕಳು ಅಂತ ಇಟ್ಟುಕೊಂಡರೆ ದಿನಕ್ಕೆ 40 ಪೈಸೆ ಬೇಕು. ಒಬ್ಬ ಮಾಸ್ತರರ ಒಂದು ತಿಂಗಳ ಸಂಬಳ ಹದಿಮೂರು ದಿನಕ್ಕೆ ಖಾಲಿ. ಅದಕ್ಕೆ ಊಟ, ಬಾಡಿಗೆ, ಶಿಕ್ಷಕರ ಸಂಬಳ ಸೇರಿಸಿ. ವಕೀಲಿಕೆಯಿಂದ ಬಂದದ್ದು ಇದಕ್ಕೇ ಹೋಗುತ್ತಿತ್ತು. ಸಾಲದ್ದಕ್ಕೆ ಜೋಳಿಗೆ ಹಿಡಿದ ಹಾಗೆ ಕಂಡಕಂಡವರ ಹತ್ತಿರ ಸಹಾಯ ಕೇಳಬೇಕಾಗಿತ್ತು.

ಮೂರು ಕೆಲಸ, ಒಂದೇ ಸಂಸ್ಥೆ

1897ರಲ್ಲಿ ರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಜನರ ಬಾಯಲ್ಲಿ ಡಿ.ಸಿ.ಎಂ. ಕೊಡಿಯಾಲ್‌ಬೈಲಿನ ಕೋರ್ಟು ಗುಡ್ಡದ ಹತ್ತಿರ ಅದರ ಕೇಂದ್ರ. ಹೆಸರು ಇಂಗ್ಲಿಷಿನಲ್ಲಿ ದೊಡ್ಡದಾಗಿ ಕಂಡರೂ ಉದ್ದೇಶ ಸರಳ. ಈ ಜನರಿಗೆ ವಿದ್ಯೆ ಬೇಕು, ಇರಲು ಜಾಗ ಬೇಕು, ದುಡಿಯಲು ಕಸುಬು ಬೇಕು. ಮೂರೂ ಒಟ್ಟಿಗೆ ಬೇಕು.

ಯಾಕೆ ಒಟ್ಟಿಗೆ? ಬರೀ ವಿದ್ಯೆ ಕೊಟ್ಟರೆ ಬೆಂದೂರಿನ ಬಾಬುವಿಗೆ ಆದದ್ದೇ ಆಗ್ತದೆ, ಕಲಿತವನನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಬರೀ ಕಸುಬು ಕೊಟ್ಟರೆ ಒಡೆಯರ ಜಾಗದಲ್ಲಿ ಗುಡಿಸಲು ಹಾಕಿ ಕೂತವನನ್ನು ಒಂದೇ ಮಾತಿಗೆ ಎಬ್ಬಿಸಬಹುದು. ಬರೀ ಜಾಗ ಕೊಟ್ಟರೆ ಅದನ್ನು ಉಳಿಸಿಕೊಳ್ಳುವ ತಿಳುವಳಿಕೆ ಬೇಡವೇ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿ ಕಸಿದುಕೊಳ್ಳುತ್ತಾರೆ. ವಕೀಲರಾಗಿ ರಾಯರು ಇಂಥದ್ದನ್ನೆಲ್ಲ ಹತ್ತಿರದಿಂದ ನೋಡಿದವರು.

ಹಾಗಾಗಿ ಸರಕಾರದ ಬಳಿ ಜಾಗಕ್ಕಾಗಿ ಓಡಾಡಿದರು. ಸಿಕ್ಕಿದ ಜಾಗದಲ್ಲಿ ಮನೆಗಳು ಎದ್ದವು. ಕಸುಬು ಕಲಿಸುವ ಶಾಲೆ ಮಾಡಿ ಬಡಗಿ ಕೆಲಸ, ನೇಯ್ಗೆ, ಹೊಲಿಗೆ ಹೇಳಿಕೊಟ್ಟರು. ದೂರದ ಮಕ್ಕಳಿಗೆ ಹಾಸ್ಟೆಲ್ ಆಯಿತು. ಹೆಣ್ಣುಮಕ್ಕಳಿಗೂ ಆಯಿತು. ಶಾಲೆಗಳು ಮಂಗಳೂರಿನಲ್ಲಿ ಮಾತ್ರ ಉಳಿಯಲಿಲ್ಲ. ಅತ್ತಾವರ, ದಡ್ಡಲಕಾಡು ಅಂತ ಪೇಟೆಯ ಒಳಗೆ ಬೆಳೆದು ಮೂಲ್ಕಿ, ಉಡುಪಿ ಕಡೆಗೂ ಹೋದವು.

ಒಂಬತ್ತು ವರ್ಷ ಕಳೆದು, 1906ರಲ್ಲಿ, ಮುಂಬೈಯಲ್ಲಿ ಇದೇ ಥರದ ಹೆಸರಿನ ಒಂದು ದೊಡ್ಡ ಸಂಸ್ಥೆ ಹುಟ್ಟಿತು. ಕಟ್ಟಿದವರು ವಿಠಲ ರಾಮಜಿ ಶಿಂಧೆ. ಅವರು ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ. ಶಿಂಧೆಯವರ ಹೆಸರು ದೇಶಕ್ಕೆ ಗೊತ್ತು. ಅವರಿಗಿಂತ ಮೊದಲೇ ಮಂಗಳೂರಿನಲ್ಲಿ ಈ ಕೆಲಸ ಮಾಡಿದವರ ಹೆಸರು ನಮ್ಮ ಜಿಲ್ಲೆಯವರಿಗೇ ಸರಿಯಾಗಿ ಗೊತ್ತಿಲ್ಲ.

ಕಲಿತವರು ಕಲಿತು ಸುಮ್ಮನೆ ಕೂರಬಾರದು, ಮಾತಾಡುವ ಜಾಗದಲ್ಲಿ ಕೂರಬೇಕು ಅಂತಲೂ ರಾಯರಿಗೆ ಇತ್ತು. ಪುರಸಭೆ, ಜಿಲ್ಲಾ ಬೋರ್ಡುಗಳಲ್ಲಿ ದಲಿತರಿಗೆ ಸ್ಥಾನ ಸಿಗಲು ಪ್ರಯತ್ನ ಮಾಡಿದರು. ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಎಂಬ ಹೆಸರುಗಳನ್ನು ಹಳಬರು ಈಗಲೂ ಈ ಕಾರಣಕ್ಕೆ ನೆನೆಯುತ್ತಾರೆ. ಮೀಸಲಾತಿ ಎಂಬ ಮಾತು ಊರಿನಲ್ಲಿ ಕೇಳುವುದಕ್ಕೂ ಮೊದಲಿನ ಸಂಗತಿ ಇದು.

ಸ್ವಂತ ಮನೆಗೆ ಬಿದ್ದ ಬಹಿಷ್ಕಾರ

ಇಷ್ಟೆಲ್ಲ ಮಾಡಿದವರನ್ನು ಊರು ಹೊತ್ತು ಮೆರೆಸಿತು ಅಂದುಕೊಳ್ಳಬೇಡಿ. ರಾಯರು ಯುವಕರಾಗಿದ್ದಾಗಲೇ ಬ್ರಹ್ಮ ಸಮಾಜ ಸೇರಿದ್ದರು. ಮಂಗಳೂರಿನಲ್ಲಿ 1870ರಲ್ಲಿ ಆ ಸಮಾಜ ಶುರುವಾಗಿತ್ತು. ಬಿಲ್ಲವ ಸಮುದಾಯದ ಅರಸಪ್ಪ, ಸಾರಸ್ವತ ಸಮುದಾಯದ ಉಳ್ಳಾಲ ರಘುನಾಥಯ್ಯ ಅದರ ಮುಂದಾಳುಗಳು. ಜಾತಿ ಬೇಧ ಬೇಡ, ವಿಗ್ರಹ ಪೂಜೆ ಬೇಡ, ವಿಧವೆಯರಿಗೆ ಮದುವೆ ಆಗಬೇಕು ಎಂಬುದು ಅವರ ನಂಬಿಕೆ. ಇಷ್ಟಕ್ಕೇ ಸ್ವಂತ ಜಾತಿಯವರಿಗೆ ಸಿಟ್ಟು. ಅದರ ಮೇಲೆ ದಲಿತರ ಕೇರಿಗೆ ಹೋಗಿ ಬರುವುದು ಬೇರೆ. ಬಹಿಷ್ಕಾರ ಹಾಕಿದರು.

ಬಹಿಷ್ಕಾರ ಅಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ವಾಟ್ಸಾಪ್ ಗ್ರೂಪಿನಿಂದ ತೆಗೆದ ಹಾಗಲ್ಲ ಅದು. ಮದುವೆ ಮುಂಜಿಗೆ ಕರೆಯುವುದಿಲ್ಲ, ನಿಮ್ಮ ಮನೆಗೆ ಯಾರೂ ಬರುವುದಿಲ್ಲ. ಪುರೋಹಿತರಿಲ್ಲ. ಮಕ್ಕಳಿಗೆ ಸಂಬಂಧ ಕೂಡಿ ಬರುವುದಿಲ್ಲ. ಸತ್ತರೆ ಹೊರಲು ಹೆಗಲಿಲ್ಲ. ಕ್ಷೌರಿಕರು, ಮಡಿವಾಳರು ಕೂಡ ಅವರ ಮನೆಗೆ ಬಾರದ ಹಾಗೆ ಮಾಡಿದ್ದರು ಅಂತ ಹೇಳುತ್ತಾರೆ. ರಾಯರೊಬ್ಬರೇ ಇದ್ದಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಮನೆಯಲ್ಲಿ ಹೆಂಡತಿ, ಮಕ್ಕಳು ಇದ್ದರು. ತಾನು ಹಿಡಿದ ಹಟಕ್ಕೆ ಅವರೂ ಬೆಲೆ ಕಟ್ಟಬೇಕಾಗಿತ್ತು. ಧೈರ್ಯ ಅಂತ ನಾವು ಭಾಷಣದಲ್ಲಿ ಸುಲಭವಾಗಿ ಹೇಳುತ್ತೇವೆ. ಹೆಂಡತಿಗೆ ನೀರು ಸೇದಲು ಹೋದಲ್ಲಿ ಯಾರೂ ಮಾತಾಡುವುದಿಲ್ಲ ಅಂತ ಗೊತ್ತಿದ್ದೂ ಮರುದಿನ ಬೆಳಿಗ್ಗೆ ಅದೇ ಕೇರಿಯ ಶಾಲೆಗೆ ಹೊರಡಲು ಎಷ್ಟು ಧೈರ್ಯ ಬೇಕು ಅಂತ ಒಮ್ಮೆ ಯೋಚಿಸಿ.

ದಿಟ್ಟತನ ಮನೆಯ ಒಳಗೂ ಇತ್ತು

ಹೊರಗೆ ಸುಧಾರಕರು, ಮನೆಯೊಳಗೆ ಬಂದರೆ ಹಳೆ ಕ್ರಮ. ಇಂಥವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ರಂಗರಾಯರು ಹಾಗಿರಲಿಲ್ಲ. ಅವರ ಮಗಳು ರಾಧಾಬಾಯಿ 1891ರಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾಗಿ ವಿಧವೆಯಾದರು. ಆ ಕಾಲದ ವಿಧವೆಗೆ ತಲೆ ಬೋಳಿಸಿ, ಬಣ್ಣದ ಸೀರೆ ಬಿಡಿಸಿ ಮೂಲೆಯಲ್ಲಿ ಕೂರಿಸುವುದೇ ಕ್ರಮ.

ರಾಯರು ಮಗಳನ್ನು ಓದಿಸಿದರು. ಆಕೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. ಮುಂದೆ ಇಂಗ್ಲೆಂಡಿನ ಆಕ್ಸ್‌ಫರ್ಡಿಗೂ ಹೋದರು. 1912ರಲ್ಲಿ ರಾಧಾಬಾಯಿಗೆ ಮರುಮದುವೆಯಾಯಿತು. ವರ ಪಿ. ಸುಬ್ಬರಾಯನ್, ಸೇಲಂ ಕಡೆಯ ಕುಮಾರಮಂಗಲಂನ ಜಮೀನ್ದಾರರು. ಜಾತಿ ಬೇರೆ, ಭಾಷೆ ಬೇರೆ. ವಿಧವಾ ವಿವಾಹ ಮತ್ತು ಅಂತರ್ಜಾತಿ ವಿವಾಹ, ಎರಡೂ ಒಂದೇ ಮದುವೆಯಲ್ಲಿ. ಈಗಲೂ ಎಷ್ಟು ಮನೆಗಳಲ್ಲಿ ಇದಕ್ಕೆ ಹೂಂ ಅನ್ನುತ್ತಾರೆ, ನಿಮಗೇ ಗೊತ್ತು.

ಆ ಮಗಳು ಮುಂದೆ ಎಲ್ಲಿಗೆ ಹೋದರು ಗೊತ್ತುಂಟಾ? 1930ರಲ್ಲಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೆ ಭಾರತದಿಂದ ಹೋದ ಇಬ್ಬರು ಮಹಿಳೆಯರಲ್ಲಿ ರಾಧಾಬಾಯಿ ಒಬ್ಬರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್ಸ್‌ಗೆ, ಅಂದರೆ ಈಗಿನ ರಾಜ್ಯಸಭೆಯ ಹಿಂದಿನ ರೂಪಕ್ಕೆ, ಆಯ್ಕೆಯಾದ ಮೊದಲ ಮಹಿಳೆ ಅವರೇ. ಅವರ ಒಬ್ಬ ಮಗ ಜನರಲ್ ಪಿ.ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರು. ಇನ್ನೊಬ್ಬ ಮಗ ಮೋಹನ್ ಕುಮಾರಮಂಗಲಂ ಕೇಂದ್ರ ಮಂತ್ರಿಯಾದರು. ಮಗಳು ಪಾರ್ವತಿ ಕೃಷ್ಣನ್ ಕಮ್ಯುನಿಸ್ಟ್ ಪಕ್ಷದಿಂದ ಸಂಸದೆಯಾದರು. ಮಂಗಳೂರಿನಲ್ಲಿ ಪುರೋಹಿತರೂ ಕಾಲಿಡದ ಮನೆಯ ಮೊಮ್ಮಕ್ಕಳು ಇವರೆಲ್ಲ.

ಕೊನೆಯ ದಿನಗಳು

ವಯಸ್ಸು ಅರುವತ್ತು ದಾಟಿದ ಮೇಲೆ ರಾಯರ ಆರೋಗ್ಯ ಕೆಟ್ಟಿತು. ಸಂಸ್ಥೆ ತನ್ನೊಟ್ಟಿಗೆ ಮುಳುಗಬಾರದು ಅಂತ ಅವರಿಗೆ ಚಿಂತೆ. ನಮ್ಮಲ್ಲಿ ಎಷ್ಟೋ ಸಂಘ ಸಂಸ್ಥೆಗಳು ಕಟ್ಟಿದವರ ಜೊತೆಗೇ ಹೋಗುತ್ತವೆ, ಇಲ್ಲವೇ ಅವರ ಮಕ್ಕಳ ಆಸ್ತಿ ಆಗುತ್ತವೆ. ರಾಯರು ಎರಡಕ್ಕೂ ಬಿಡದೆ, ಬದುಕಿರುವಾಗಲೇ ಮಿಷನ್ನಿನ ಹೊಣೆಯನ್ನು ಗೋಖಲೆಯವರು ಕಟ್ಟಿದ್ದ ಭಾರತ ಸೇವಕ ಸಂಘದವರಿಗೆ ಒಪ್ಪಿಸಿದರು.

1927ರಲ್ಲಿ ಸನ್ಯಾಸ ತೆಗೆದುಕೊಂಡರು. ಹೆಸರು ಸ್ವಾಮಿ ಈಶ್ವರಾನಂದ ಅಂತ ಆಯಿತು. ಆದರೆ ಜನ ಕರೆದದ್ದು ರಂಗರಾಯರು ಅಂತಲೇ. 1928ರ ಜನವರಿ 30ರಂದು ತೀರಿಕೊಂಡರು. ಆಗ ಅವರಿಗೆ 68 ವರ್ಷ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ರಾಯರು ತೀರಿಕೊಂಡ ಸಮಯದಲ್ಲಿ ಅವರ ಅಳಿಯ ಸುಬ್ಬರಾಯನ್ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿ. 1926ರಿಂದ 1930ರವರೆಗೆ ಅವರೇ ಇದ್ದದ್ದು. ನಮ್ಮ ಜಿಲ್ಲೆಯೂ ಆಗ ಅದೇ ಪ್ರಾಂತ್ಯದಲ್ಲಿ. ಮುಖ್ಯಮಂತ್ರಿಯ ಮಾವ ಅಂದರೆ ಸಾವಿಗೆ ಎಂಥ ಎಂಥವರು ಹೆಗಲು ಕೊಡಲು ಬರುತ್ತಿದ್ದರು ಅಂತ ಬೇರೆ ಹೇಳಬೇಕಾ? ಹಿಂದೆ ಬಹಿಷ್ಕಾರ ಹಾಕಿದವರೂ ಮುಂದೆ ಬರುತ್ತಿದ್ದರೋ ಏನೋ.

ಆದರೆ ರಾಯರು ಮೊದಲೇ ಹೇಳಿಟ್ಟಿದ್ದರು. ತನ್ನ ಶವವನ್ನು ಹೊರಬೇಕಾದವರು ಊರಿನ ಮಲ ಹೊರುವ, ಬೀದಿ ಗುಡಿಸುವ ಜನ, ಆಗ ತೋಟಿಗಳು ಅಂತ ಕರೆಯುತ್ತಿದ್ದವರು. ಅವರೇ ಹೊತ್ತರು. ಜೀವಮಾನವಿಡೀ ಯಾರ ಜೊತೆ ನಿಂತಿದ್ದರೋ ಅವರ ಹೆಗಲ ಮೇಲೆಯೇ ಹೋದರು.

ಇನ್ನೊಂದು ಆಸೆಯೂ ಅವರಿಗೆ ಇತ್ತು. ತನ್ನ ಶಾಲೆಯಲ್ಲಿ ಕಲಿತ ದಲಿತರ ಮಗು ಸರಕಾರದ ದೊಡ್ಡ ಕೆಲಸಕ್ಕೆ ಸೇರಬೇಕು, ಅವರು ಈ ಊರಿನ ದಾರಿಯಲ್ಲಿ ಕಾರಿನಲ್ಲಿ ಹೋಗುವಾಗ ಎದ್ದ ಧೂಳು ತನ್ನ ತಲೆಗೆ ತಾಗಬೇಕು, ಆಗ ತನ್ನ ಜನ್ಮ ಸಾರ್ಥಕ ಎಂಬುದು ಆ ಆಸೆ. ಕೋರ್ಟಿನಿಂದ ಓಡಿಸಿದ ಆ ಯುವಕನ ಪ್ರಶ್ನೆಗೆ ರಾಯರು ಇಟ್ಟುಕೊಂಡಿದ್ದ ಉತ್ತರ ಇದೇ ಇರಬೇಕು ಅಂತ ನನಗೆ ಕಾಣ್ತದೆ.

ರಾಯರ ನಂತರ

1934ರ ಫೆಬ್ರವರಿಯಲ್ಲಿ ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ಪ್ರವಾಸ ಮಾಡುತ್ತಾ ಮಂಗಳೂರಿಗೆ ಬಂದರು. ರಾಯರು ಕಟ್ಟಿದ ಸಂಸ್ಥೆಯನ್ನು ನೋಡಿದರು. ದಲಿತರ ಕೆಲಸದಲ್ಲಿ ರಂಗರಾಯರನ್ನು ತನ್ನ ಗುರು ಅಂತಲೇ ಅವರು ಭಾವಿಸಿದರು. ಅಷ್ಟು ಹೊತ್ತಿಗೆ ರಾಯರು ತೀರಿಹೋಗಿ ಆರು ವರ್ಷ ಆಗಿತ್ತು. 1950ರಲ್ಲಿ ಸಂವಿಧಾನ ಬಂತು, ಅಸ್ಪೃಶ್ಯತೆ ಕಾನೂನಿನ ಪ್ರಕಾರ ರದ್ದಾಯಿತು. ಅದಕ್ಕೆ 58 ವರ್ಷ ಮೊದಲು ಚಿಲಿಂಬಿಯ ಆ ಬಾಡಿಗೆ ಶಾಲೆ ತೆರೆದದ್ದು.

ಈಗ ಅವರ ಹೆಸರು ಟೌನ್‌ಹಾಲಿನ ಮೇಲೆ ಉಂಟು. ಜಿಲ್ಲೆಯ ದಲಿತ ಸಂಘಟನೆಗಳು ಅವರನ್ನು ನೆನಪಿಟ್ಟಿವೆ. ಉಳಿದ ನಾವು? ಹಾಲ್ ಬುಕ್ ಮಾಡುವಾಗ, ಪಾರ್ಕಿಂಗ್ ಎಲ್ಲಿ ಅಂತ ಕೇಳುವಾಗ ಹೆಸರು ಹೇಳ್ತೇವೆ, ಅಷ್ಟೇ. ನಮ್ಮ ತಾಲೂಕಿನಲ್ಲಿ ಕೂಡ ಊರಿನ ಹೊರಗೆ ಕಾಲೊನಿ ಅಂತ ಒಂದು ಜಾಗ ಇರ್ತದೆ. ಅಲ್ಲಿಯ ಮಕ್ಕಳು ಹತ್ತನೇ ಕ್ಲಾಸು ಮುಗಿಸಿ ಎಲ್ಲಿ ಹೋಗ್ತಾರೆ, ಎಷ್ಟು ಜನ ಮುಂದೆ ಓದ್ತಾರೆ ಅಂತ ನಾವ್ಯಾರೂ ವಿಚಾರಿಸುವುದಿಲ್ಲ. ನಾನೂ ಇದುವರೆಗೆ ಒಂದು ಸುದ್ದಿ ಮಾಡಿಲ್ಲ. ಇನ್ನು ಮಾಡ್ತೇನೆ.

ರಾಯರ ಬದುಕಿನಲ್ಲಿ ನನಗೆ ಹಿಡಿಸಿದ್ದು ಅವರ ದೊಡ್ಡತನಕ್ಕಿಂತ ಹೆಚ್ಚಾಗಿ ಅವರ ಕೆಲಸದ ಕ್ರಮ. ಶಾಲೆಯ ಜಾಗ ಬಿಡಿಸಿದರು, ಬೇರೆ ಜಾಗ ಹುಡುಕಿದರು. ಮಕ್ಕಳು ಬರಲಿಲ್ಲ, ಎರಡು ಪೈಸೆ ಕೊಟ್ಟರು. ಮಾಸ್ತರರು ಸಿಗಲಿಲ್ಲ, ಬೇರೆ ಧರ್ಮದವರನ್ನು ಕರೆತಂದರು. ಜಾತಿಯವರು ಬಿಟ್ಟರು, ಇವರೂ ಜಾತಿ ಬಿಟ್ಟರು. ಪ್ರತಿ ಸಲ ಬಾಗಿಲು ಮುಚ್ಚಿದಾಗ ಬೈಯುತ್ತಾ ನಿಲ್ಲದೆ ಮುಂದಿನ ಕೆಲಸ ಎಂತ ಅಂತ ನೋಡಿದರು. 1892ರಿಂದ ಲೆಕ್ಕ ಹಾಕಿದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನೇ ಮಾಡಿದರು. ಅಂಗಡಿ ನಡೆಸುವವರಿಗೆ ಗೊತ್ತು, ಮೊದಲ ದಿನ ಬಾಗಿಲು ತೆರೆದು ದೀಪ ಹಚ್ಚುವುದು ಕಷ್ಟ ಅಲ್ಲ, ವ್ಯಾಪಾರ ಇಲ್ಲದ ದಿನವೂ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುವುದು ಕಷ್ಟ.

ಜೀನಸು ಅಂಗಡಿಯ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಗಿರಾಕಿ ಇದ್ದರೂ ಕೇಳಿಸಿಕೊಂಡರು. ಎಂಟು ರೂಪಾಯಿಯ ಲೆಕ್ಕವನ್ನು ಎರಡು ಸಲ ಕೇಳಿ, ಕಾಗದದ ಮೇಲೆ ಬರೆದು ನೋಡಿದರು. ಆಮೇಲೆ, ನೀನು ಕಾಲೇಜು ಯಾಕೆ ಬಿಟ್ಟದ್ದು ಅಂತ ಕೇಳಿದರು. ನಾನು ಮಾತು ಬದಲಿಸಿದೆ.

ಖಾಸಗಿಯಾಗಿ ಪರೀಕ್ಷೆ ಕಟ್ಟುವ ಅರ್ಜಿ ತಂದು ಮನೆಯಲ್ಲಿ ಇಟ್ಟಿದ್ದೇನೆ. ಇನ್ನೂ ತುಂಬಿಸಿಲ್ಲ. ಕೊನೆಯ ದಿನಾಂಕಕ್ಕೆ ಸ್ವಲ್ಪ ಸಮಯ ಉಂಟು. ಇಲ್ಲಿ ಬರೆದ ಮೇಲೆ ತುಂಬಿಸದೆ ಇದ್ದರೆ ಪೇಟೆಯಲ್ಲಿ ನೀವೇ ಕೇಳ್ತೀರಿ ಅಂತ ಗೊತ್ತಿದ್ದೇ ಬರೆದಿದ್ದೇನೆ. ಮುಂದಿನ ಸಲ ಟೌನ್‌ಹಾಲಿಗೆ ಹೋದಾಗ ನೀವೂ ಒಂದು ನಿಮಿಷ ನಿಂತು ಮೇಲಿನ ಆ ಹೆಸರನ್ನು ಓದಿ. ಒಟ್ಟಿಗೆ ಮಕ್ಕಳು ಇದ್ದರೆ ಅವರಿಗೆ ಆ ಎರಡು ಪೈಸೆಯ ವಿಷಯ ಹೇಳಿ.